ಗಿರಿಜಕ್ಕ ಕೊಡದೆ ಉಳಿದ ರಕ್ತ

ರಕ್ತ ಬೇಡವೆಂದು ನರ್ಸ್ ಹೇಳಿದ್ದೇ, ರವಿಕೆಯ ತೋಳು ಮಡಚಿ ನಿಂತಿದ್ದ ಗಿರಿಜಕ್ಕನ ಕಣ್ಣು ತುಂಬಿತು. “ನನ್ನ್ ರಕ್ತ ಅವ್ಳಿಗೆ ಆತ್ತಿಲ್ಯಾ?”

ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ ಕೂರುವ ಜಾಗಕ್ಕಾಗಿ ಜಗಳವಾಡಿ, ನನ್ನ ಅಮ್ಮನೊಡನೆ ಮೂರು ವರ್ಷದಿಂದ ಮಾತು ಬಿಟ್ಟವರು ಅವರು. ಅಮ್ಮನಿಗೆ ಮಂಡಿ ಬದಲಿಸುವ ಆಪರೇಷನ್ ಎಂದು ತಿಳಿದು, ಬುಟ್ಟಿ ಬಿಟ್ಟು ಆಸ್ಪತ್ರೆಗೆ ಓಡಿಬಂದಿದ್ದರು.

ರಕ್ತ ಹೆಚ್ಚು ಹೋಗದಂತೆ ಇಂಜೆಕ್ಷನ್ ಕೊಟ್ಟಿದ್ದೇವೆ, ಯಾರ ರಕ್ತವೂ ಬೇಕಾಗಲಿಲ್ಲ ಎಂದು ಡಾಕ್ಟರು ಹೇಳಿದರೂ ಗಿರಿಜಕ್ಕ ನಂಬಲಿಲ್ಲ. ಕಡೆಗೆ ಹಾಸಿಗೆಯಲ್ಲಿದ್ದ ಅಮ್ಮನೇ ಬಾಯಿಬಿಟ್ಟಳು: “ರಕ್ತ ಇಟ್ಕೊ ಮಾರಾಯ್ತಿ, ಜಗಳ ಮಾಡೂಕ್ ಬೇಕಲ್ದಾ?”

ಇಬ್ಬರೂ ಈಗ ಮಾರುಕಟ್ಟೆಯಲ್ಲಿ ಮತ್ತೆ ಜಗಳವಾಡುತ್ತಾರೆ. ಮಂಡಿ ಬದಲಿಸಿದ ಮೇಲೆ ಅಮ್ಮ ತಗ್ಗಿನ ಮಣೆಯ ಮೇಲೆ ಕೂರುವಂತಿಲ್ಲ. ಗಿರಿಜಕ್ಕ ಮೊದಲು ಅವಳಿಗೊಂದು ಕುರ್ಚಿ ಹಾಕಿಕೊಟ್ಟು, ಆಮೇಲೆ ಶುರು ಮಾಡುತ್ತಾರೆ.