ಮೂರನೆಯ ಬೀಗದ ಫೋರ್ತುನಾತಾ

ಮೊನ್ನೆ ಮೊನ್ನೆಯವರೆಗೂ ನಮ್ಮೂರ ಚರ್ಚಿನ ಬಾಗಿಲಿಗೆ ಮೂರು ಬೀಗಗಳಿದ್ದವು. ಮೂರಕ್ಕೂ ಬೇರೆ ಬೇರೆ ಕೀಲಿ, ಒಂದೊಂದು ಕೀಲಿ ಒಂದೊಂದು ಮನೆಯಲ್ಲಿ. ಮೂವರೂ ಬಂದು ನಿಂತರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಒಂದು ಊರಿನ ಅಧ್ಯಕ್ಷನಾದವನ, ಅಂದರೆ ಈಗ ವಿಲ್ಬರ್‌ನ ಹತ್ತಿರ, ಇನ್ನೊಂದು ಅನಾಕ್ಲೇತೋ ತಾತನ ಹತ್ತಿರ, ಮೂರನೆಯದು ಫೋರ್ತುನಾತಾ ಅಕ್ಕನ ಹತ್ತಿರ. ತಾತನಿಗೂ ಅಕ್ಕನಿಗೂ ಮಾತುಕತೆ ಇರಲಿಲ್ಲ. ತಾತ ತನ್ನ ಬೀಗ ತೆಗೆದು ಆ ಕಡೆ ಮುಖ ಮಾಡಿ ನಿಂತ ಮೇಲೆ ಅಕ್ಕ ಬಂದು ತನ್ನದನ್ನು ತೆಗೆದು ಈ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಎದುರಿಗೇ ಮೆಕ್ಕೆಜೋಳ ಬೇಯಿಸಿ ಚೀಸ್ ತುಂಡಿನ ಜೊತೆ ಮಾರುವ ನಾನು, ಬಸೀಲಿಯಾ, ಈ ನಾಟಕವನ್ನು ಬಿಟ್ಟಿಯಾಗಿ ನೋಡಿಕೊಂಡೇ ಮುದುಕಿಯಾದೆ. ಮೂವರಲ್ಲಿ ಒಬ್ಬರು ಆಲೂಗಡ್ಡೆ ಹೊಲಕ್ಕೆ ಹೋದರೂ ಮುಗಿಯಿತು. ಕುಸ್ಕೋ ಪಟ್ಟಣದಿಂದ ಬಂದ ಪ್ರವಾಸಿ ಬಸ್ಸಿನವರು ಮುಚ್ಚಿದ ಬಾಗಿಲಿನ ಫೋಟೋ ತೆಗೆದುಕೊಂಡು ಮುಂದಿನ ಊರಿಗೆ ಹೋಗುತ್ತಿದ್ದರು, ನನ್ನ ತೆನೆಗಳು ಹಂಡೆಯಲ್ಲೇ ಉಳಿಯುತ್ತಿದ್ದವು.

ಬಿಸಿಲಿದ್ದಾಗಲೆಲ್ಲ ಅಕ್ಕ ಚರ್ಚಿನ ಬುಡದಲ್ಲಿರುವ ಇಂಕಾ ಕಾಲದ ಗೋಡೆಯ ಗೂಡಿನಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು. ಇಂಕಾ ದೊರೆ ಕೂರುತ್ತಿದ್ದ ಪೀಠ ಅದು ಎಂದು ಗೈಡುಗಳು ರೈಲು ಬಿಡುತ್ತಾರೆ. "ದೊರೆ ಕೂತಿದ್ನೋ ಇಲ್ವೋ ನನಗ್ ಗೊತ್ತಿಲ್ಲಪ್ಪ. ಇಲ್ಲಿ ಗಾಳಿ ಬೀಸಲ್ಲ, ಅದು ಗೊತ್ತು" ಎನ್ನುತ್ತಿದ್ದಳು ಅಕ್ಕ. ಚರ್ಚು ತೋರಿಸುವುದೂ ಇದೇ ವರಸೆಯಲ್ಲಿ. ಮೊದಲು ಎಲ್ಲರ ಟೋಪಿ ತೆಗೆಸುವಳು, ಆಮೇಲೆ ಒಂದು ಸುತ್ತು ಹಾಕಿಸುವಳು. "ಇವಳು ತಾಯಿ. ಇವನು ಮಗ. ಇದು ಖಾಲಿ." ಅಷ್ಟೇ. ಖಾಲಿ ಎಂದಿದ್ದು ಎಡಗೋಡೆಯ ಮೇಲಿನ ದೊಡ್ಡ ಬಂಗಾರ ಬಣ್ಣದ ಚೌಕಟ್ಟಿಗೆ. ಯಾಕೆ ಖಾಲಿ ಎಂದು ಯಾರಾದರೂ ಕೇಳಿದರೆ ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಅದರ ಕತೆ ಊರಿಗೆಲ್ಲ ಗೊತ್ತು. ಆ ಚೌಕಟ್ಟಿನಲ್ಲಿ ಒಬ್ಬ ದೇವದೂತನ ಚಿತ್ರ ಇತ್ತು. ಬೆನ್ನಿಗೆ ರೆಕ್ಕೆ, ಮೈಮೇಲೆ ಜರತಾರಿ ಅಂಗಿ, ಹೆಗಲ ಮೇಲೆ ಬಂದೂಕು. ಆಗ ಚರ್ಚಿಗೆ ಒಂದೇ ಬೀಗ, ಒಂದೇ ಕೀಲಿ. ಅದು ಅಕ್ಕನ ಗಂಡ ಜೆನೋಬಿಯೋ ಭಾವನ ಸೊಂಟದಲ್ಲಿರುತ್ತಿತ್ತು. ಆಲೂಗಡ್ಡೆ ಅಗೆಯುವ ದಿನಗಳಲ್ಲಿ ಒಂದು ಬೆಳಿಗ್ಗೆ ನೋಡಿದರೆ ಚಿತ್ರ ಇಲ್ಲ. ಬಾಗಿಲು ಮುರಿದಿರಲಿಲ್ಲ, ಬೀಗ ಹಾಗೇ ಇತ್ತು. ಊರು ಸಭೆ ಸೇರಿತು. ಅನಾಕ್ಲೇತೋ ತಾತ ಎದ್ದು ನಿಂತು, "ಬಾಗಿಲು ಮುರಿದಿಲ್ಲ. ಕೀಲಿ ಇರೋದು ಒಂದೇ. ಇನ್ನೇನು ನಾನ್ ಬಿಡಿಸಿ ಹೇಳ್ಬೇಕಾ?" ಎಂದ. ತಾತನಿಗೆ ಎಳೆತನದಲ್ಲಿ ಕಾಯಿಲೆ ಬಂದು ಬದುಕುವ ಆಸೆಯೇ ಬಿಟ್ಟುಹೋಗಿದ್ದಾಗ ಅವನ ಅವ್ವ ಅದೇ ದೇವದೂತನ ಮುಂದೆ ಮಲಗಿಸಿ ಹರಕೆ ಹೊತ್ತಿದ್ದಳು. ಅವನಿಗೆ ಅದು ಬರೀ ಚಿತ್ರವಲ್ಲ.

ಪೊಲೀಸರು ಭಾವನನ್ನು ಕರೆದುಕೊಂಡು ಹೋದರು, ಏನೂ ಸಿಗದೆ ವಾಪಸ್ ಕಳಿಸಿದರು. ಊರು ಮಾತ್ರ ವಾಪಸ್ ಕರೆದುಕೊಳ್ಳಲಿಲ್ಲ. ನಮ್ಮಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತೇವೆ, ಅದಿಲ್ಲದೆ ಈ ಗುಡ್ಡದಲ್ಲಿ ಯಾರೂ ಬೆಳೆ ತೆಗೆಯಲಾರರು. ಭಾವನ ಹೊಲಕ್ಕೆ ಒಬ್ಬರೂ ಹೋಗಲಿಲ್ಲ. ಅವನು ಬೇರೆಯವರ ಹೊಲಕ್ಕೆ ಗುದ್ದಲಿ ಹಿಡಿದು ಹೋದರೆ, "ಜನ ಸಾಕು ಕಣಪ್ಪ" ಎಂದು ಕಳಿಸುತ್ತಿದ್ದರು. ಗಂಡ ಹೆಂಡತಿ ಇಬ್ಬರೇ ಬಿತ್ತಿದರು, ಇಬ್ಬರೇ ಅಗೆದರು. ಹಾಗೇ ಸೊರಗಿ ಸೊರಗಿ ಭಾವ ಸತ್ತ. ಅವತ್ತೂ ಹೊರಲು ಜನ ಸಾಲದೆ ಪಕ್ಕದೂರಿನವರನ್ನು ಕರೆಸಿದ್ದರು. ಇದನ್ನು ಬರೆಯುವಾಗ ಈಗಲೂ ನನಗೆ ನಮ್ಮೂರಿನ ಮೇಲೆ ಮೈ ಉರಿಯುತ್ತದೆ.

ಮೂರು ಬೀಗ ಹಾಕಲು ಊರು ತೀರ್ಮಾನಿಸಿದ್ದು ಆಮೇಲೆ. ಮೂರನೆಯ ಕೀಲಿ ಯಾರಿಗೆ ಎಂದು ಚರ್ಚೆ ನಡೆಯುತ್ತಿದ್ದಾಗ ಕರಿ ಶಾಲು ಹೊದ್ದ ಫೋರ್ತುನಾತಾ ಅಕ್ಕ ಸಭೆಯ ನಡುವೆ ಬಂದು ನಿಂತಳು.

"ನನಗ್ ಕೊಡಿ" ಎಂದಳು. "ಕಳ್ಳನ ಮನೆ ಅಂತೀರಲ್ಲ, ಅಂದ್ಕೊಳ್ಳಿ. ಉಳಿದೆರಡು ಬೀಗ ನಿಮ್ ಹತ್ರಾನೇ ಇರುತ್ತಲ್ಲ, ನನಗೆ ಯಾಕೆ ಹೆದರ್ತೀರಿ?"

ಕೀಲಿ ಕೊಟ್ಟರು. ಆದರೆ ಕೊಡುವಾಗ ಹೆಸರು ಹೇಳಲಿಲ್ಲ. ಚರ್ಚಿನ ಕೀಲಿ ಕೈ ಬದಲಾಗುವಾಗ ಹಿಂದೆ ಅದನ್ನು ಹಿಡಿದವರ ಹೆಸರನ್ನೆಲ್ಲ ಊರಿನ ಮುಂದೆ, ಮುಚ್ಚಿದ ಬಾಗಿಲಿನ ಎದುರು ಹೇಳುವುದು ನಮ್ಮಲ್ಲಿ ಕಟ್ಟಳೆ. ಇಂಥವನ ಕೈಯಿಂದ ಇಂಥವನ ಕೈಗೆ ಎಂದು, ಮುತ್ತಜ್ಜಂದಿರ ಕಾಲದಿಂದ. ಆ ಸಾಲಿನಲ್ಲಿ ಹೆಸರು ಬಂದರೆ ಮನುಷ್ಯ ಊರಿಗೆ ಸೇರಿದವನು. ಬೀಗ ಹೊಸದು, ಹೆಸರು ಬೇಡ ಎಂದು ಅವತ್ತು ಜಾರಿಕೊಂಡರು. ಜೆನೋಬಿಯೋ ಭಾವನ ಹೆಸರು ಹೀಗೆ ಬಾಗಿಲ ಹೊರಗೇ ಉಳಿಯಿತು.

ವರ್ಷಗಳು ಕಳೆದವು. ಈ ಸಲ ವಿಲ್ಬರ್ ಅಧ್ಯಕ್ಷನಾದ ಮೇಲೆ ಪಂಚಾಯಿತಿ ಕಟ್ಟಡದ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿ, ಒಡೆದ ಗಡಿಗೆ, ಕಲ್ಲಿನ ಕೊಡಲಿ, ಹಳೆ ನೇಯ್ಗೆ ಎಲ್ಲ ಜೋಡಿಸಿ ಮ್ಯೂಸಿಯಂ ಎಂದು ಬೋರ್ಡು ಹಾಕಿಸಿದ. ಮ್ಯೂಸಿಯಂ, ಚರ್ಚು, ಇಂಕಾ ಗೋಡೆ, ಮೂರಕ್ಕೂ ಸೇರಿ ನೇಲಿದಾ ಎಂಬ ಹುಡುಗಿ ಸಂಬಳದ ಕಾವಲುಗಾರ್ತಿ. ಚರ್ಚಿಗೆ ಇನ್ನು ಒಂದೇ ಗಟ್ಟಿ ಬೀಗ. ಉದ್ಘಾಟನೆಯ ದಿನ ಹಳೆಯ ಮೂರು ಬೀಗ ತೆಗೆದು, ಹೆಸರು ಹೇಳಿ, ಕೀಲಿಗಳನ್ನು ನೇಲಿದಾಳಿಗೆ ಒಪ್ಪಿಸಬೇಕು. ಅಕ್ಕ ಏನೋ ಹಟ ಹಿಡಿದಿದ್ದಾಳೆ ಎಂಬ ಗುಸುಗುಸು ಕೇಳಿ ಹಿಂದಿನ ಸಂಜೆ ನಾನು ಅವಳ ಅಡಿಗೆಮನೆಗೆ ಹೋದೆ. ಒಲೆಯ ಮುಂದೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಕಾಲ ಬುಡದಲ್ಲಿ ಊಟಕ್ಕೆಂದು ಸಾಕಿದ ಗಿನಿಪಿಗ್‌ಗಳು ಸಿಪ್ಪೆಗೆ ಕಿತ್ತಾಡುತ್ತಿದ್ದವು.

"ಅಕ್ಕಾ, ನಾಳೆ ರಗಳೆ ಮಾಡ್ಬೇಡ್ವೇ. ಎರಡು ಬಸ್ ಬರುತ್ತಂತೆ, ನಾನೂ ಎರಡು ಹಂಡೆ ಬೇಯಿಸ್ತಿದೀನಿ."

"ಬೇಯಿಸು. ಜೋಳ ತಿನ್ನೋಕೆ ಚರ್ಚಿನ ಬಾಗಿಲು ಯಾಕೆ ತೆಗೀಬೇಕು?"

"ನಿನಗೇನು ಬೇಕು, ಅದನ್ನಾದ್ರೂ ಹೇಳು."

"ಹೆಸರು. ನಾಳೆ ಹೇಳೋ ಸಾಲಲ್ಲಿ ನನ್ನ ಗಂಡನ ಹೆಸರು ಬರ್ಬೇಕು. ನಾಳೆ ಬರ್ಲಿಲ್ಲ ಅಂದ್ರೆ ಇನ್ಯಾವತ್ತೂ ಬರಲ್ಲ."

"ಅವನು ಕದ್ದಿಲ್ಲ ಅಂತ ಊರು ಒಪ್ಕೋಬೇಕು ಅಂತೀಯಾ? ಅನಾಕ್ಲೇತೋ ಸಾಯೋವರೆಗೂ ಒಪ್ಪಲ್ಲ ಬಿಡು."

ಅಕ್ಕ ಸಿಪ್ಪೆ ತೆಗೆಯುವುದನ್ನು ನಿಲ್ಲಿಸಿದಳು.

"ಕದ್ನೋ ಇಲ್ವೋ, ನನಗೂ ಗೊತ್ತಿಲ್ಲ ಬಸೀಲಿಯಾ."

ಗಂಡ ನಿರಪರಾಧಿ ಎಂಬ ಒಂದೇ ನಂಬಿಕೆಯ ಮೇಲೆ ಇವಳು ಇಷ್ಟು ವರ್ಷ ಬೆನ್ನು ನೆಟ್ಟಗೆ ಮಾಡಿ ನಡೆದಿದ್ದಾಳೆ ಎಂದುಕೊಂಡಿದ್ದೆ.

"ಒಂದ್ಸಲ ಕೇಳ್ದೆ" ಎಂದಳು. "'ನೀನೂ ಕೇಳ್ತೀಯಾ?' ಅಂದು ಗೋಡೆ ಕಡೆ ತಿರುಗಿ ಮಲಗ್ದ. ಮತ್ತೆ ಕೇಳೋ ಧೈರ್ಯ ಬರ್ಲಿಲ್ಲ. ಆದ್ರೆ ಹಿಮ ಬೀಳಲಿ, ಜ್ವರ ಬರಲಿ, ಬೆಳಕು ಹರಿಯೋದ್ರೊಳಗೆ ಹೋಗಿ ಬಾಗಿಲು ತೆಗೀತಿದ್ದ. ನಿನ್ನ ಮಗಳ ಮದುವೆಗೆ ತೆಗೆದ. ಅನಾಕ್ಲೇತೋನ ಅವ್ವನ ಹೆಣ ಬಂದಾಗ ತೆಗೆದ. ಅದನ್ನ ನಾನು ಕಣ್ಣಾರೆ ಕಂಡಿದೀನಿ. ಅಷ್ಟು ಹೇಳಿದ್ರೆ ಸಾಕು, ಹೆಚ್ಚಿಗೆ ಏನೂ ಬೇಡ."

ನಾನು ಜೋಳದ ಮಾತನ್ನು ಮತ್ತೆ ಎತ್ತಲಿಲ್ಲ.

ಮರುದಿನ ಬಸ್ಸುಗಳು ಬಂದವು, ಕುಸ್ಕೋದ ಸಾಹೇಬರುಗಳು ಬಂದರು, ನೇಲಿದಾ ಹೊಸ ಲಂಗ ಉಟ್ಟು ನಿಂತಳು. ವಿಲ್ಬರ್ ತನ್ನ ಬೀಗ ತೆಗೆದ. ತಾತ ತನ್ನದನ್ನು ತೆಗೆದು ಆ ಕಡೆ ತಿರುಗಿದ. ಅಕ್ಕ ಮಾತ್ರ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಮೊದಲು ಹೆಸರು. ಆಮೇಲೆ ಬೀಗ."

"ಒಳಗೆ ಹೋಗಿ ಹೇಳೋಣಮ್ಮ, ಅತಿಥಿಗಳು ಬಿಸಿಲಲ್ಲಿ ನಿಂತಿದಾರೆ" ಎಂದ ವಿಲ್ಬರ್.

"ಬಾಗಿಲ ಮುಂದೆ ಹೇಳೋದು ಕಟ್ಟಳೆ. ಹಸಿದ ಅತಿಥಿಗಳಿಗೆ ಬಸೀಲಿಯಾ ಹತ್ರ ಜೋಳ ಇದೆ."

ಹೆಸರು ಹೇಳಬೇಕಾದವನು ಕೀಲಿ ಹಿಡಿದವರಲ್ಲಿ ಹಿರಿಯ. ಅಂದರೆ ಅನಾಕ್ಲೇತೋ ತಾತನೇ. ಅವನು ಟೋಪಿ ತೆಗೆದು ಎದೆಗಿಟ್ಟುಕೊಂಡು ಶುರು ಮಾಡಿದ. "ಇಸಿದ್ರೋ ಕೈಯಿಂದ ಮತೇವೋ ಕೈಗೆ. ಮತೇವೋ ಕೈಯಿಂದ ತಿಮೋತೆಯೋ ಕೈಗೆ. ತಿಮೋತೆಯೋ ಕೈಯಿಂದ..."

ಅಲ್ಲಿಗೆ ನಿಂತ. ಪ್ರವಾಸಿಗರು ಇದು ಏನೋ ಪ್ರಾರ್ಥನೆ ಇರಬೇಕೆಂದು ತಲೆ ತಗ್ಗಿಸಿದರು. ತಾತ ನಿಧಾನವಾಗಿ ತಿರುಗಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ ಅಕ್ಕನ ಮುಖ ನೋಡಿದ.

"ಆ ದೇವದೂತ ನನ್ನ ಪ್ರಾಣ ಉಳಿಸಿದ್ದ" ಎಂದ.

"ಗೊತ್ತು."

"ಅವತ್ತು ಆಡಿದ ಮಾತು ನಾನು ವಾಪಸ್ ತಗೊಳ್ಳಲ್ಲ."

"ತಗೊಳ್ಳಿ ಅಂತ ಯಾರು ಕೇಳಿದ್ರು? ಬಾಗಿಲು ತೆಗೀತಿದ್ನೋ ಇಲ್ವೋ? ಅದನ್ ಹೇಳಿ."

ತಾತ ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ. "ತೆಗೀತಿದ್ದ" ಎಂದ ಕೊನೆಗೆ. "ನಮ್ಮವ್ವನ್ನ ಹೊತ್ಕೊಂಡ್ ಬಂದಾಗ ಆಲಿಕಲ್ಲು ಮಳೆ. ನಾವು ಬರೋವರೆಗೂ ನೆಂದ್ಕೊಂಡೇ ಬಾಗಿಲು ಹಿಡ್ಕೊಂಡು ನಿಂತಿದ್ದ." ಆಮೇಲೆ ಗಂಟಲೊಳಗೇ ಹೇಳಿದ: "ತಿಮೋತೆಯೋ ಕೈಯಿಂದ ಜೆನೋಬಿಯೋ ಕೈಗೆ."

"ಜೋರಾಗಿ" ಎಂದಳು ಅಕ್ಕ.

"ಕೇಳಿಸ್ಲಿಲ್ವಾ ನಿನಗೆ?"

"ನನಗ್ ಕೇಳಿಸ್ತು. ಅವನು ಗುಡ್ಡದ ಮೇಲಿದಾನೆ."

ನಮ್ಮ ಸ್ಮಶಾನ ಗುಡ್ಡದ ಮೇಲಿದೆ. ತಾತ ಆ ಕಡೆ ಒಮ್ಮೆ ನೋಡಿ, ಇದ್ದಬದ್ದ ಉಸಿರನ್ನೆಲ್ಲ ಎಳೆದುಕೊಂಡು ಕೂಗಿದ: "ತಿಮೋತೆಯೋ ಕೈಯಿಂದ ಜೆನೋಬಿಯೋ ಕೈಗೆ!" ಅದೇ ದನಿಯಲ್ಲಿ ಮುಂದುವರಿಸಿದ: "ಜೆನೋಬಿಯೋ ಕೈಯಿಂದ ಫೋರ್ತುನಾತಾ ಕೈಗೆ! ಫೋರ್ತುನಾತಾ ಕೈಯಿಂದ ನೇಲಿದಾ ಕೈಗೆ!" ತನ್ನ ಹೆಸರನ್ನು ಅವನು ಸೇರಿಸಲಿಲ್ಲ. ವಿಲ್ಬರ್‌ನದನ್ನೂ ಬಿಟ್ಟ, ಅದಕ್ಕೆ ವಿಲ್ಬರ್ ಮುಖ ಹುಳ್ಳಗೆ ಮಾಡಿಕೊಂಡ. ಆ ಸಾಲಿನಲ್ಲಿ ಅದುವರೆಗೆ ಒಂದು ಹೆಣ್ಣಿನ ಹೆಸರೂ ಬಂದಿರಲಿಲ್ಲ.

ಅಕ್ಕ ತಿರುಗಿ ಬೀಗಕ್ಕೆ ಕೀಲಿ ಹಾಕಿದಳು, ಹಳೆ ಬೀಗ ಒಂದೇ ಸಲಕ್ಕೆ ತಿರುಗಲಿಲ್ಲ. ಯಾರೂ ಸಹಾಯಕ್ಕೆ ಮುಂದೆ ಬರಲಿಲ್ಲ, ಬರಬಾರದು ಎಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಬೀಗ ಬಿಚ್ಚಿಕೊಂಡಿತು. ಜನ ಒಳಗೆ ನುಗ್ಗಿದರು, ಗೈಡುಗಳು ಬಾಯಿಗೆ ಬಂದದ್ದು ಹೇಳಲು ಶುರು ಮಾಡಿದರು. ಅಕ್ಕ ತನ್ನ ಕೀಲಿಯನ್ನು ನೇಲಿದಾಳ ಅಂಗೈಗೆ ಒತ್ತಿ, ಶಾಲು ಸರಿಮಾಡಿಕೊಂಡು, ನನ್ನ ಹಂಡೆಯ ಮುಂದಿನಿಂದ ಗುಡ್ಡದ ದಾರಿ ಹಿಡಿದಳು.

"ಅಕ್ಕಾ, ಎಲ್ಲಿಗೆ? ಒಳಗೆ ಬರಲ್ವಾ?" ಎಂದು ಕೂಗಿದೆ.

ಅವಳು ತಿರುಗಿ ನೋಡಲಿಲ್ಲ.

"ನೀನು ಜೋಳ ಮಾರು. ಅವನಿಗೆ ಕೇಳಿಸ್ತೋ ಇಲ್ವೋ, ಕೇಳ್ಕೊಂಡು ಬರ್ತೀನಿ."