ಮೂರನೇ ತಿರುವಿನ ತೇಪೆ

ಕ್ಷಮಿಸುವುದು ದೊಡ್ಡ ಗುಣ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಒಬ್ಬರಾದರೂ ಯಾರನ್ನಾದರೂ ಕ್ಷಮಿಸಿದ್ದನ್ನು ನಾನು ನೋಡಿಲ್ಲ. ಗಡಿಕಲ್ಲು ಒಂದು ಮೊಳ ಈಚೆಗೆ ಬಂತು ಎಂದು ನಮ್ಮ ತಾತ ಸ್ವಂತ ತಮ್ಮನ ಮನೆಯ ಒಂದು ಮದುವೆಯಲ್ಲೂ ಎಲೆಗೆ ಕೂರದೆ ಸತ್ತರು. ನಾನು ಆ ತಾತನ ಮೊಮ್ಮಗಳು. ಕಾಲೇಜಿನ ಸ್ಕೇಟಿಂಗ್ ತಂಡದ ಕ್ಯಾಪ್ಟನ್ ನನ್ನನ್ನು ಏನು ಮಾಡಿ ನಿಲ್ಲಿಸಿದ್ದಳು ಎಂಬುದನ್ನು ನಾನು ಮರೆತಿಲ್ಲ, ಮರೆಯುವ ಇರಾದೆಯೂ ಇಲ್ಲ.

ಹಲಸೂರಿನ ಹತ್ತಿರದ ಕಾಲೇಜಿಗೆ ಸೇರಿದ ಮೊದಲ ವರ್ಷ, ರೋಲರ್ ಸ್ಕೇಟಿಂಗ್ ರೇಸ್ ತಂಡಕ್ಕೆ ಹೊಸಬರು ಬೇಕು, ಅನುಭವ ಬೇಕಿಲ್ಲ ಎಂದು ನೋಟಿಸ್ ಹಾಕಿದ್ದರು. ಆ ಕೊನೆಯ ಮಾತನ್ನು ನಾನು ನಂಬಿಬಿಟ್ಟೆ. ಈ ಆಟಕ್ಕೆ ಮಕ್ಕಳನ್ನು ನಾಲ್ಕು ವರ್ಷಕ್ಕೇ ತಂದು ಬಿಡುತ್ತಾರೆ, ಹಾಲುಹಲ್ಲು ಬೀಳುವ ಮೊದಲೇ ಅವು ಚಕ್ರದ ಮೇಲೆ ಓಡುತ್ತವೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ನಮ್ಮದು ಕೆ.ಆರ್. ಪುರದ ಹಳೇ ಊರಿನ ಮನೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಕಟ್ಟಡ ನಿಂತಿದೆ. ಅಪ್ಪನಿಗೆ ಹೊಸ ಸ್ಕೇಟ್ಸ್ ಕೊಡಿಸುವ ಶಕ್ತಿ ಇತ್ತು, ಮನಸ್ಸಿರಲಿಲ್ಲ. "ಎರಡು ತಿಂಗಳಿಗೆ ಮೂಲೆಗೆ ಎಸೀತೀಯ, ಹಳೇದು ಸಾಕು" ಎಂದು ಶಿವಾಜಿನಗರದ ಗುಜರಿಯಲ್ಲಿ ಒಂದು ಜೊತೆ ಹಿಡಿದುಕೊಟ್ಟರು. ಅದು ನನ್ನ ಕಾಲಿಗಿಂತ ದೊಡ್ಡದು. ಎರಡು ಜೊತೆ ಕಾಲುಚೀಲ ಹಾಕಿದರೂ ಹಿಮ್ಮಡಿ ಒಳಗೆ ಕುಣಿಯುತ್ತಿತ್ತು.

ಬೆಳಗಿನ ಮೊದಲ ಮೆಟ್ರೋಗಳಲ್ಲಿ ಒಂದನ್ನು ಹಿಡಿದು ಇಂದಿರಾನಗರದ ರಿಂಕ್‌ಗೆ ಹೋಗುತ್ತಿದ್ದೆ. ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುವ ಹೆಂಗಸು ಪ್ರತಿದಿನವೂ ಪರದೆಯಲ್ಲಿ ಚಕ್ರ ನೋಡಿ, "ಏನಮ್ಮಾ ಇದು, ಗಾಡಿ ಬಿಚ್ಚಿ ತಗೊಂಡ್ ಹೋಗ್ತಿದೀಯಾ?" ಎಂದು ಕೇಳುತ್ತಿದ್ದಳು. ದಿನದಲ್ಲಿ ನನ್ನೊಂದಿಗೆ ನಗುತ್ತಾ ಮಾತನಾಡುತ್ತಿದ್ದವಳು ಅವಳೊಬ್ಬಳೇ.

ಕ್ಯಾಪ್ಟನ್ ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಇಂದಿರಾನಗರದವಳು, ಆ ರಿಂಕ್‌ನಲ್ಲೇ ಬೆಳೆದವಳು. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೆ.ಆರ್. ಪುರಂ? ಅಲ್ಲಿ ನಡೆಯೋಕೇ ಜಾಗ ಇಲ್ಲ, ನೀನು ಸ್ಕೇಟ್ ಬೇರೆ ಮಾಡ್ತೀಯಾ?" ಎಂದಳು. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗುವಿಗೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ರಿಂಕ್ ಎಂದರೆ ಮೊಟ್ಟೆಯಾಕಾರದ ಸಿಮೆಂಟ್ ನೆಲ. ಅದರ ನಾಲ್ಕು ತಿರುವುಗಳಲ್ಲಿ ಒಳಗಿನ ಗೆರೆಯ ಮೇಲೆ ಒಂದೊಂದು ಪ್ಲಾಸ್ಟಿಕ್ ಕೋನ್ ಇಡುತ್ತಾರೆ. ಕೋನ್‌ನ ಹೊರಗಿನಿಂದಲೇ ಸುತ್ತಿ ಬರಬೇಕು, ಒಳಗೆ ನುಗ್ಗಿದರೆ ಆಟದಿಂದ ಹೊರಗೆ. ನಮ್ಮ ತಂಡದ ಕೋನ್‌ಗಳಲ್ಲಿ ಒಂದು ಯಾವಾಗಲೋ ಒಡೆದುಹೋಗಿತ್ತು. ಹೊಸದು ತರುವ ಬದಲು ಒಂದು ಪದ್ಧತಿ ಮಾಡಿಕೊಂಡಿದ್ದರು. ಮೊದಲ ಸುತ್ತುಗಳಲ್ಲಿ ಕೊನೆಗೆ ಬಂದವರು ಮೂರನೇ ತಿರುವಿನಲ್ಲಿ ಕೋನ್ ಆಗಿ ನಿಲ್ಲಬೇಕು. ಕೊನೆಗೆ ಬರುವವಳು ಯಾವಾಗಲೂ ನಾನೇ.

"ಚಕ್ರ ಬಿಚ್ಚಿ ನಿಂತ್ಕೋ. ಹಾಕ್ಕೊಂಡ್ ನಿಂತ್ರೆ ಉರುಳ್ಕೊಂಡು ನಮ್ ಮೇಲೇ ಬರ್ತೀಯ" ಎಂದಳು ಕ್ಯಾಪ್ಟನ್. ರಿಂಕ್ ಒಳಗೆ ಚಪ್ಪಲಿ ಹಾಕುವಂತಿಲ್ಲ. ಕಾಲುಚೀಲ ಹಾಕಿದರೆ ಜಾರುತ್ತದೆ. ಬರಿಗಾಲಲ್ಲಿ ನಿಂತೆ. ತಂಡದವರೆಲ್ಲ ನನ್ನ ಪಕ್ಕದಲ್ಲೇ ಗಾಳಿ ಎಬ್ಬಿಸಿಕೊಂಡು ಹೋಗುತ್ತಿದ್ದರು. ಒಂದು ವಾರಕ್ಕೆ ನನ್ನ ಹೆಸರೇ ಕೋನ್ ಆಯಿತು. "ಏಯ್ ಕೋನ್, ಅಲ್ಲಾಡ್ಬೇಡ!" "ಕೋನ್, ನನ್ನ ವಾಟರ್ ಬಾಟಲ್ ಕೊಡು!" ಕೋಚ್ ಸರ್ ಕೇಳಿಯೂ ಕೇಳದವರ ಹಾಗೆ ಗಡಿಯಾರ ನೋಡುತ್ತಿದ್ದರು. ಒಂದು ದಿನ ಕಾಲೇಜಿನ ಪೇಜ್‌ಗೆ ತಂಡದ ಫೋಟೋ ತೆಗೆಯುವಾಗ ನಾನೂ ಹೋಗಿ ಸಾಲಿನ ಕೊನೆಗೆ ನಿಂತೆ. "ನೀನು ಅಲ್ಲೇ ಇರು, ಬ್ಯಾಕ್‌ಗ್ರೌಂಡಿಗೆ ಚೆನ್ನಾಗಿರತ್ತೆ" ಎಂದು ಕ್ಯಾಪ್ಟನ್ ನನ್ನನ್ನು ತಿರುವಿಗೇ ಕಳಿಸಿದಳು. ಫೋಟೋದಲ್ಲಿ ಎಂಟು ಜನ ಹಲ್ಲು ಬಿಟ್ಟಿದ್ದಾರೆ, ಹಿಂದೆ ದೂರದಲ್ಲಿ ನಾನು ನೆಟ್ಟಗೆ ನಿಂತಿದ್ದೇನೆ. ಆ ಫೋಟೋವನ್ನು ನನ್ನ ಫೋನಿನ ಪರದೆಗೆ ಹಾಕಿಕೊಂಡೆ. ದಿನಕ್ಕೆ ನೂರು ಸಲ ನೋಡಬೇಕು, ನೂರು ಸಲವೂ ಹೊಟ್ಟೆ ಉರಿಯಬೇಕು ಎಂದೇ ಹಾಕಿಕೊಂಡದ್ದು.

ಬರಿಗಾಲಲ್ಲಿ ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ನಿಂತವಳಿಗೆ ಆ ಜಾಗದ ಗುಟ್ಟು ತಿಳಿಯದೆ ಇರುತ್ತದೆಯೇ?

ಮೂರನೇ ತಿರುವಿನಲ್ಲಿ, ನಾನು ನಿಲ್ಲುತ್ತಿದ್ದಲ್ಲೇ, ಒಳಗೆರೆಗೆ ಅಂಟಿಕೊಂಡಂತೆ ಒಂದು ತೇಪೆ ಇತ್ತು. ಹಿಂದೆ ಎಂದೋ ನೆಲ ಒಡೆದು, ಅಲ್ಲಿ ಒರಟಾಗಿ ಸಿಮೆಂಟ್ ಮೆತ್ತಿದ್ದರಂತೆ. ಚಕ್ರ ತಗುಲಿ ಬಿದ್ದವರು ಬಹಳ. ಹಾಗಾಗಿ ಅಲ್ಲಿ ಕಲಿತ ಪ್ರತಿ ಮಗುವಿಗೂ ಮೊದಲ ಪಾಠ "ಪ್ಯಾಚ್ ಮೇಲೆ ಹೋಗ್ಬೇಡ." ಎಲ್ಲರೂ ಅಲ್ಲಿಗೆ ಬಂದ ಕೂಡಲೇ ಒಂದು ಮಾರು ಹೊರಗೆ ಸರಿದು ಸುತ್ತುತ್ತಿದ್ದರು. ಕ್ಯಾಪ್ಟನ್ ಅಂತೂ ಎಲ್ಲರಿಗಿಂತ ಅಗಲವಾಗಿ ಹೋಗುತ್ತಿದ್ದಳು, ಚಿಕ್ಕಂದಿನಲ್ಲಿ ಅವಳು ಅಲ್ಲೇ ಬಿದ್ದು ಕೈ ಮುರಿದುಕೊಂಡಿದ್ದಳಂತೆ. ಆದರೆ ನಾನು ಸೇರುವ ಮುಂಚಿನ ಬೇಸಿಗೆಯಲ್ಲಿ ರಿಂಕ್ ರಿಪೇರಿ ಆಗಿತ್ತು. ಯಾರೋ ಪುಣ್ಯಾತ್ಮರು ಮೆಷಿನ್ ಹಾಕಿ ತೇಪೆಯನ್ನು ಉಜ್ಜಿ ಸಮ ಮಾಡಿ ಹೋಗಿದ್ದರು. ಬಣ್ಣ ಮಾತ್ರ ಕಪ್ಪಗೆ ಹಾಗೇ ಉಳಿದಿತ್ತು. ಅವರೆಲ್ಲ ಬಣ್ಣ ನೋಡಿ ಹೆದರುತ್ತಿದ್ದರು. ನನ್ನ ಅಂಗಾಲಿಗೆ ಅದು ನಮ್ಮ ಮನೆಯ ಪಡಸಾಲೆಯಷ್ಟೇ ನುಣ್ಣಗೆ ತಗುಲುತ್ತಿತ್ತು.

ನಾನು ಯಾರಿಗೂ ಹೇಳಲಿಲ್ಲ. ಹೇಳಬೇಕು ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ಕೋನ್ ಎಲ್ಲಾದರೂ ಮಾತಾಡುತ್ತದೆಯೇ?

ನಮ್ಮ ಬಾಡಿಗೆ ಕಟ್ಟಡದ ನೆಲಮಾಳಿಗೆಯಲ್ಲಿ, ಬಾಡಿಗೆದಾರರು ಗಾಡಿ ತೆಗೆದುಕೊಂಡು ಆಫೀಸಿಗೆ ಹೋದ ಮೇಲೆ ಜಾಗ ಖಾಲಿ ಇರುತ್ತಿತ್ತು. ಕಾಲೇಜಿಗೆ ರಜೆ ಇದ್ದ ದಿನವೆಲ್ಲ ಅಲ್ಲಿನ ಕಂಬಗಳನ್ನು ಸುತ್ತಿದೆ. ಒಳಗಾಲಿನ ಮುಂದೆ ಹೊರಗಾಲು ಹಾಕಿ, ಕಂಬಕ್ಕೆ ಭುಜ ಸವರುವಷ್ಟು ಹತ್ತಿರದಲ್ಲಿ ತಿರುಗುವುದನ್ನು ಕಲಿತೆ. ಮೊಣಕಾಲು, ಮೊಣಕೈ, ಗಲ್ಲ, ಎಲ್ಲ ಕಡೆಯೂ ಕೆತ್ತಿಹೋಯಿತು. ಸ್ಕೇಟಿಂಗ್‌ನ ಬಾಗು ರೂಢಿಯಾಗಲಿ ಎಂದು ಮನೆಯಲ್ಲೂ ನಡು ಬಗ್ಗಿಸಿಯೇ ಓಡಾಡುತ್ತಿದ್ದೆ. ಅಜ್ಜಿ ನೋಡಿ ನೋಡಿ ಸಾಕಾಗಿ, "ಏನ್ ಕಳ್ಕೊಂಡೆ ಅಂತ ಹಂಗೆ ಬಗ್ಗಿ ಹುಡುಕ್ತೀಯೇ?" ಎಂದಳು. ಮರ್ಯಾದೆ ಎಂದು ಹೇಳಬೇಕೆನ್ನಿಸಿತು. ಹೇಳಿದ್ದರೆ ಅವಳು ಕ್ಯಾಪ್ಟನ್ ಮನೆಯ ವಿಳಾಸ ಕೇಳುತ್ತಿದ್ದಳು.

ಮುಂದಿನ ವರ್ಷ ಅಂತರ ಕಾಲೇಜು ರೇಸ್‌ಗೆ ನಮ್ಮ ತಂಡದಿಂದ ಇಬ್ಬರು ಹುಡುಗಿಯರು ಹೋಗಬಹುದಿತ್ತು. ಅವರಲ್ಲಿ ಒಬ್ಬಳು ಎಲ್ಲರಿಗಿಂತ ಎಷ್ಟೋ ಮುಂದಿದ್ದ ಕಮ್ಮನಹಳ್ಳಿಯ ಹುಡುಗಿ, ಅವಳನ್ನು ಹಿಡಿಯುವ ಮಾತೇ ಇರಲಿಲ್ಲ. ಎರಡನೆಯ ಜಾಗ ಪ್ರತಿ ವರ್ಷವೂ ಕ್ಯಾಪ್ಟನ್‌ಗೇ. ಅದು ಅವಳ ಕೊನೆಯ ವರ್ಷ. ಆಯ್ಕೆಗೆ ಒಂದು ಓಟ ಇಡುವುದು ಕೋಚ್ ಸರ್ ಪಾಲಿಗೆ ಬರೀ ಶಾಸ್ತ್ರ. ನನಗೆ ಆ ಜಾಗ ಬೇಕಿತ್ತು. ರೇಸ್‌ಗೆ ಹೋಗುವ ಆಸೆಗಿಂತ ಹೆಚ್ಚಾಗಿ, ಅದು ಅವಳಿಗೆ ಸಿಗಬಾರದಿತ್ತು.

ಆಯ್ಕೆಯ ಓಟದ ದಿನ ಎಲ್ಲ ತಿರುವಿನಲ್ಲೂ ಪ್ಲಾಸ್ಟಿಕ್ ಕೋನ್ ಇತ್ತು, ಯಾರೋ ಎರವಲು ತಂದಿದ್ದರು. ಕಮ್ಮನಹಳ್ಳಿಯವಳು ಮೊದಲ ಸುತ್ತಿಗೇ ಮುಂದೆ ಹೋದಳು. ನಾನು ಕ್ಯಾಪ್ಟನ್ ಬೆನ್ನಿಗೆ ಅಂಟಿಕೊಂಡೆ. ನೇರ ದಾರಿಯಲ್ಲಿ ಅವಳು ನನಗಿಂತ ಜೋರು, ತಿರುವುಗಳಲ್ಲಿ ನಾನು ಮತ್ತೆ ಹತ್ತಿರ. ಒಂದೆರಡು ಸಲ ತಿರುಗಿ ನೋಡಿದಳು. ಮೂರನೇ ತಿರುವು ಬಂದಾಗಲೆಲ್ಲ ನಾನೂ ಅವಳ ಹಿಂದೆಯೇ ಹೊರಗೆ ಸರಿದು, ಒಳ್ಳೆಯ ಹುಡುಗಿಯ ಹಾಗೆ ಸುತ್ತಿ ಬಂದೆ. ಕೊನೆಯ ಸುತ್ತಿನಲ್ಲಿ ಅವಳು ಎಂದಿನಂತೆ ಹೊರಗೆ ಸರಿದಳು. ನಾನು ಸರಿಯಲಿಲ್ಲ. ಕೋನ್‌ಗೂ ಅವಳಿಗೂ ನಡುವೆ ಬಾಗಿಲು ತೆರೆದಿಟ್ಟ ಹಾಗೆ ಜಾಗ ಇತ್ತು. ಕಪ್ಪು ತೇಪೆಯ ಮೇಲೆ ಪೂರ್ತಿ ಬಗ್ಗಿ ನುಗ್ಗಿದೆ. ಚಕ್ರ ಸದ್ದೇ ಮಾಡಲಿಲ್ಲ. "ಏಯ್ ಪ್ಯಾಚ್! ಪ್ಯಾಚ್!" ಎಂದು ಅವಳು ಕಿರುಚಿದ್ದು ನನ್ನ ಬೆನ್ನ ಹಿಂದಿನಿಂದ ಕೇಳಿಸಿತು. ಆ ಕೂಗಿನಷ್ಟು ಇಂಪಾದದ್ದನ್ನು ನಾನು ಆಮೇಲೆ ಕೇಳಿಲ್ಲ. ಕೊನೆಯ ಗೆರೆಯನ್ನು ಅವಳಿಗಿಂತ ಒಂದು ಅಡಿ ಮೊದಲು ದಾಟಿದೆ.

ಅವಳು ನೇರ ಕೋಚ್ ಸರ್ ಹತ್ತಿರ ಹೋದಳು. "ಸರ್, ಅವಳು ಪ್ಯಾಚ್ ಮೇಲೆ ಹೋದ್ಲು! ಅಲ್ಲಿ ನೆಲ ಸರಿ ಇಲ್ಲ, ಯಾರೂ ಹೋಗಲ್ಲ, ಇದು ಹೆಂಗೆ ಫೇರ್ ಆಗತ್ತೆ?" ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಕೋಚ್ ಸರ್ ಹೋಗಿ ಬಗ್ಗಿ ತೇಪೆಯ ಮೇಲೆ ಕೈ ಆಡಿಸಿದರು. ಮತ್ತೊಮ್ಮೆ ಆಡಿಸಿದರು. ಎದ್ದು ಬಂದು, "ಫ್ಲಾಟ್ ಇದೆಯಲ್ಲಮ್ಮಾ" ಎಂದರು. ಅವಳು ತಾನೇ ಹೋಗಿ ಮುಟ್ಟಿ ನೋಡಲಿಲ್ಲ.

ಎಲ್ಲರೂ ಹೊರಟ ಮೇಲೆ ನಾನು ಕಟ್ಟೆಯ ಮೇಲೆ ಕೂತು ಲೇಸ್ ಬಿಚ್ಚುತ್ತಿದ್ದೆ. ಅವಳು ಬಂದು ಎದುರಿಗೆ ನಿಂತಳು. ಕಣ್ಣು ಕೆಂಪಾಗಿತ್ತು.

"ನಂಗೆ ಇದು ಲಾಸ್ಟ್ ಇಯರ್. ನಿಂಗೆ ಇನ್ನೊಂದು ವರ್ಷ ಇದೆ. ಅಪ್ಪ ಅಮ್ಮ ಎಲ್ರೂ ನೋಡೋಕೆ ಬರ್ತಾರೆ. ಈ ಒಂದ್ಸಲ ಬಿಟ್ಕೊಡ್ತೀಯಾ? ನೀನಾಗೇ ಸರ್‌ಗೆ ಹೇಳಿದ್ರೆ ಒಪ್ಕೋತಾರೆ. ಪ್ಲೀಸ್."

ಆ ಕೊನೆಯ ಮಾತು ಅವಳ ಬಾಯಿಂದ ಹೊರಗೆ ಬರಲು ಎಷ್ಟು ಕಷ್ಟಪಟ್ಟಿತು ಎಂಬುದನ್ನು ಕಣ್ಣಾರೆ ನೋಡಿದೆ. ಉತ್ತರ ನನ್ನ ಬಾಯಲ್ಲೇ ಇತ್ತು. ಆದರೂ ಎರಡೂ ಕಾಲಿನ ಲೇಸ್ ಬಿಚ್ಚಿ, ಸ್ಕೇಟ್ಸ್ ಒರೆಸಿ, ಚೀಲಕ್ಕೆ ಹಾಕಿ, ಜಿಪ್ ಎಳೆದು, ಆಮೇಲೆ ತಲೆ ಎತ್ತಿದೆ.

"ಯೋಚ್ನೆ ಮಾಡ್ತೀನಿ ಅಕ್ಕ. ನಾಳೆ ಹೇಳ್ತೀನಿ."

ಅವಳ ಮುಖ ಅರಳಿತು. ನನ್ನ ಕೈ ಹಿಡಿದು "ಥ್ಯಾಂಕ್ಯೂ, ಥ್ಯಾಂಕ್ಯೂ ಕಣೇ" ಎಂದಳು. ಅಂದು ಮನೆಗೆ ಹೋಗಿ ಎರಡು ಮುದ್ದೆ ಉಂಡು ಕಣ್ತುಂಬ ನಿದ್ದೆ ಮಾಡಿದೆ. ಅವಳು ಮಾಡಿರಲಿಕ್ಕಿಲ್ಲ.

ಮರುದಿನ ನಾನು ಹೋಗುವಷ್ಟರಲ್ಲಿ ಅವಳು ಆಗಲೇ ಬಂದು ಗೇಟಿನ ಹತ್ತಿರ ಕಾಯುತ್ತಿದ್ದಳು.

"ಇಲ್ಲ ಅಕ್ಕ, ಆಗಲ್ಲ" ಎಂದೆ.

"ಇದನ್ನ ನಿನ್ನೆನೇ ಹೇಳ್ಬೋದಿತ್ತಲ್ವಾ?"

"ಹೌದು," ಎಂದೆ, "ಹೇಳ್ಬೋದಿತ್ತು."