ಸೆರಗು ಎಳೆದ ಕೈ

ನಾನೂ ಅತ್ತೆಯೂ ನೆಲದಡಿಯ ಟ್ಯೂಬ್ ರೈಲಿನ ಸ್ಟೇಷನ್ನಿನಲ್ಲಿ ಎಸ್ಕಲೇಟರಿನಿಂದ ಇಳಿಯುವಾಗ, ಅತ್ತೆಯ ಸೆರಗಿನ ಅಂಚು ಅದರ ತುದಿಯ ಹಲ್ಲುಗಳಿಗೆ ಸಿಕ್ಕಿತು. ಲಂಡನ್ನಿನ ಚಳಿಗೆಂದು ಅವರು ಸೆರಗನ್ನು ಸ್ವೆಟರಿನ ಮೇಲೆ ಕುತ್ತಿಗೆಗೆ ಸುತ್ತಿ, ಜಾರದಂತೆ ಪಿನ್ ಹಾಕಿದ್ದರು. ಯಂತ್ರ ಅಂಚನ್ನು ಒಳಗೆಳೆದಂತೆ ಆ ಸುತ್ತು ಬಿಗಿಯಾಗತೊಡಗಿತು.

“ಪಿನ್ ಬಿಚ್ಚವಾ, ಉಸರ ಕಟ್ಟಾಕ್ಹತ್ತೇತಿ!” ಎಂದರು ಧಾರವಾಡದ ಅತ್ತೆ. ನಾನು ಪಿನ್ ಹುಡುಕಲಿಲ್ಲ. ಅವರನ್ನು ತಬ್ಬಿಹಿಡಿದು ಯಂತ್ರದಿಂದ ದೂರಕ್ಕೆ ಎಳೆದೆ.

ಹಿಂದಿದ್ದ ಮಹಿಳೆಯೊಬ್ಬರು ಕೆಂಪು ಗುಂಡಿ ಒತ್ತಿದರು. ಎಸ್ಕಲೇಟರ್ ನಿಂತರೂ ನಾನು ಎಳೆಯುವುದನ್ನು ನಿಲ್ಲಿಸಲಿಲ್ಲ. ಆಕೆ ನನ್ನ ಮಣಿಕಟ್ಟು ಹಿಡಿದು “ಚಿಕರಾ ನುಯಿತೆ!” ಎಂದು ಕೂಗಿ, ನನ್ನ ಕೈ ಬಿಡಿಸಿ, ಅತ್ತೆಯನ್ನು ಯಂತ್ರದ ಕಡೆಗೇ ಬಗ್ಗಿಸಿದರು. ಸುತ್ತು ಸಡಿಲವಾಯಿತು. ಅತ್ತೆ ಕೆಮ್ಮಿದರು.

ಆಕೆ ಜಪಾನಿನವರು, ವೃತ್ತಿಯಲ್ಲಿ ನರ್ಸ್. ಗಾಬರಿಯಲ್ಲಿ ತಮ್ಮ ಭಾಷೆಯೇ ಬಂತಂತೆ. ಚಿಕರಾ ಎಂದರೆ ಬಲ. ಆ ಬಲವನ್ನು ಬಿಡು ಎಂದಿದ್ದರು. ಇಂಜೆಕ್ಷನ್ನಿಗೆ ಹೆದರಿ ತೋಳು ಬಿಗಿ ಮಾಡಿಕೊಳ್ಳುವವರಿಗೂ ಅವರ ಊರಲ್ಲಿ ಹಾಗೇ ಹೇಳುತ್ತಾರಂತೆ.

“ಮಶಿನ್‌ಕಿಂತ ನೀನಽ ಜೋರ ಎಳದಿ ನೋಡು,” ಎಂದು ಅತ್ತೆ ಮನೆಗೆ ಬಂದ ಮೇಲೆ ನಕ್ಕರು.

ಅವರ ಕುತ್ತಿಗೆಯ ಕೆಂಪು ಗೆರೆ ವಾರದಲ್ಲಿ ಮಾಯವಾಯಿತು. ಅದರಲ್ಲಿ ಯಂತ್ರದ್ದೆಷ್ಟು, ನನ್ನದೆಷ್ಟು ಎಂಬುದು ನನಗಿನ್ನೂ ತಿಳಿದಿಲ್ಲ.